ಬೋಧಕರು ಕಾರ್ಖಾನೆಗೆ ಕಲಿಯಲು ಹೋದರೆ ಹಣ ಯಾರು ಕೊಡಬೇಕು, ಕೆಲಸ ಏನಿರಬೇಕು?

ಪ್ರಶ್ನೆ: ನಾನು ಸರ್ಕಾರಿ ಐಟಿಐ ಒಂದರಲ್ಲಿ ಟರ್ನರ್ (ಲೇತಿನ ಮೇಲೆ ಲೋಹ ಕಡೆಯುವ ವೃತ್ತಿ) ವಿಭಾಗದ ಕಿರಿಯ ತರಬೇತಿ ಅಧಿಕಾರಿ, ಅಂದರೆ ಬೋಧಕ. ಸೇವೆಗೆ ಸೇರುವ ಮುಂಚೆ ಕಾರ್ಖಾನೆಯಲ್ಲಿ ದುಡಿದ ಅನುಭವವಿದೆ, ಆದರೆ ಅದೆಲ್ಲ ಹಳೆಯ ಲೇತುಗಳ ಮೇಲೆ. ಈಗ ನಮ್ಮ ಸಂಸ್ಥೆಗೆ ಸಿಎನ್‌ಸಿ, ಅಂದರೆ ಕಂಪ್ಯೂಟರಿನ ಆದೇಶದಂತೆ ನಡೆಯುವ ಯಂತ್ರಗಳು ಬಂದಿವೆ. ನನ್ನ ಪತ್ನಿ ಸರ್ಕಾರಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಇಬ್ಬರಿಗೂ ಕೆಲವು ವಾರ ಕಾರ್ಖಾನೆಯಲ್ಲೋ ಪ್ರಯೋಗಾಲಯದಲ್ಲೋ ಕೆಲಸ ಮಾಡಿ ಕಲಿಯುವ ಆಸೆಯಿದೆ. ಸಂಬಳ ಅಥವಾ ಭತ್ಯೆ ಸಿಗುವಂತೆ ಇದನ್ನು ಮಾಡಲು ಸಾಧ್ಯವೇ? ಇಲಾಖೆಯ ಅನುಮತಿ ಹೇಗೆ? ನಮ್ಮಲ್ಲಿರುವ ಅತಿಥಿ ಬೋಧಕರೂ ಇದನ್ನೇ ಕೇಳುತ್ತಿದ್ದಾರೆ.

ಉತ್ತರ: ಸಾಧ್ಯವಿದೆ. ಆದರೆ ದಾರಿಯನ್ನು ಬಹುಮಟ್ಟಿಗೆ ನೀವೇ ಮಾಡಿಕೊಳ್ಳಬೇಕಾಗುತ್ತದೆ. ನಿಮ್ಮ ವಿದ್ಯಾರ್ಥಿಗೆ 1961ರ ಅಪ್ರೆಂಟಿಸ್ ಕಾಯ್ದೆಯ ಆಸರೆ ಇದೆ. ಆ ಕಾಯ್ದೆಯ ವ್ಯಾಪ್ತಿಗೆ ಬರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು, ಅವರಿಗೆ ಶಿಷ್ಯವೇತನ ಕೊಡಬೇಕು. 2016ರಲ್ಲಿ ಬಂದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಡಿ ಕೇಂದ್ರ ಸರ್ಕಾರ ಆ ಶಿಷ್ಯವೇತನದ ಒಂದು ಪಾಲನ್ನು ತಾನೇ ಭರಿಸುತ್ತದೆ. ಅದೇ ವಿದ್ಯಾರ್ಥಿಗೆ ಎರಡು ವರ್ಷ ಪಾಠ ಹೇಳಿದ ಬೋಧಕರನ್ನು ಹೀಗೆ ಕರೆಸಿಕೊಳ್ಳಬೇಕೆಂಬ ಕಟ್ಟುಪಾಡು ಯಾವ ಕಂಪನಿಗೂ ಇಲ್ಲ.

ಇದು ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ. ಐಟಿಐ ಬೋಧಕರ ನೇಮಕಕ್ಕೆ ಇರುವ ಅರ್ಹತೆಯನ್ನೇ ನೋಡಿ: ಎಂಜಿನಿಯರಿಂಗ್ ಪದವೀಧರರಾದರೆ ಆ ಕ್ಷೇತ್ರದಲ್ಲಿ 1 ವರ್ಷ, ಡಿಪ್ಲೊಮಾದವರಾದರೆ 2 ವರ್ಷ, ಐಟಿಐ ಪ್ರಮಾಣಪತ್ರದವರಾದರೆ 3 ವರ್ಷದ ಅನುಭವ ಬೇಕು, ಜೊತೆಗೆ ಬೋಧಕರ ತರಬೇತಿಯ ಪ್ರಮಾಣಪತ್ರ ಬೇಕು. ಅಂದರೆ ಕಾರ್ಖಾನೆಯ ಅನುಭವವಿಲ್ಲದೆ ಕಲಿಸಲಾಗದು ಎಂಬುದನ್ನು ನಿಯಮವೇ ಒಪ್ಪಿಕೊಂಡಿದೆ. ಆದರೆ ಆ ಅನುಭವವನ್ನು ಕೇಳುವುದು ಒಂದೇ ಸಲ, ನೇಮಕದ ದಿನ. ಆಮೇಲೆ ಇಪ್ಪತ್ತೈದು ಮೂವತ್ತು ವರ್ಷದ ಸೇವೆಯಲ್ಲಿ ಯಂತ್ರಗಳು ಎರಡು ಮೂರು ಬಾರಿ ಪೂರ್ತಿ ಬದಲಾದರೂ ಮತ್ತೆ ಯಾರೂ ಕೇಳುವುದಿಲ್ಲ. ಚೀನಾದಲ್ಲಿ 2016ರ ನಿಯಮದ ಪ್ರಕಾರ ವೃತ್ತಿಶಿಕ್ಷಣ ಶಾಲೆಗಳಲ್ಲಿ ವೃತ್ತಿ ವಿಷಯ ಕಲಿಸುವ ಶಿಕ್ಷಕರು ಪ್ರತಿ 5 ವರ್ಷಕ್ಕೆ ಒಟ್ಟು 6 ತಿಂಗಳಿಗೆ ಕಡಿಮೆಯಿಲ್ಲದಂತೆ ಉದ್ದಿಮೆಯಲ್ಲಿ ಕೆಲಸ ಮಾಡಿ ಬರಬೇಕು. ನಮ್ಮಲ್ಲಿಯೂ ಪಾಲಿಟೆಕ್ನಿಕ್ ಉಪನ್ಯಾಸಕರ ಬಡ್ತಿಗೆ ಕೈಗಾರಿಕಾ ತರಬೇತಿಯನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿ ಇದೆ. ಐಟಿಐ ಬೋಧಕರಿಗೆ ಮತ್ತು ಶಾಲಾ ಶಿಕ್ಷಕರಿಗೆ ಅಷ್ಟರ ಮಟ್ಟಿಗಾದರೂ ಒತ್ತಾಸೆ ಸಿಗಬೇಕಿತ್ತು.

ಇನ್ನು ಹಣದ ವಿಚಾರ. ಕಲಿಯಲು ಹೋಗುವವರು ಹಣ ಕೇಳುವುದೇ ಎಂದು ಅನೇಕ ಬೋಧಕರು ಸಂಕೋಚಪಡುತ್ತಾರೆ. ಆ ಸಂಕೋಚ ಬೇಡ. ಬೋಧಕರನ್ನು ಉದ್ದಿಮೆಗಳಿಗೆ ಕಳುಹಿಸುವ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕಂಡದ್ದೇನೆಂದರೆ, ಬಿಟ್ಟಿಯಾಗಿ ಬಂದವರನ್ನು ಕಂಪನಿ ಅತಿಥಿಯೆಂದು ಭಾವಿಸುತ್ತದೆ. ಮೊದಲ ದಿನ ಹೆಚ್‌ಆರ್ ವಿಭಾಗದವರು ಟೀ ಕೊಟ್ಟು ಶಾಪ್, ಅಂದರೆ ಯಂತ್ರಗಳು ನಡೆಯುವ ಜಾಗದ ತುಂಬ ಸುತ್ತಾಡಿಸುತ್ತಾರೆ, ಎರಡನೆಯ ದಿನ ಒಬ್ಬ ಸೂಪರ್‌ವೈಸರ್ ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸುತ್ತಾರೆ, ಮೂರನೆಯ ದಿನದಿಂದ ಅವರಿದ್ದಾರೆ ಎಂಬುದನ್ನೇ ಮರೆಯುತ್ತಾರೆ. ಒಂದು ಮೊತ್ತ ಕೊಡುವುದಾಗಿ ಬರೆದುಕೊಟ್ಟ ಕಂಪನಿ ಹಾಗೆ ಮಾಡುವುದಿಲ್ಲ. ಕೊಟ್ಟ ಹಣಕ್ಕೆ ಕೆಲಸ ಬೇಕು ಎಂದು ಯಾರಾದರೂ ಒಬ್ಬ ವ್ಯವಸ್ಥಾಪಕರು ವಿಚಾರಿಸುತ್ತಾರೆ, ಯಾವ ಕೆಲಸ ಯಾರದು ಎಂದು ಬರೆಯುವ ಜಾಬ್ ಕಾರ್ಡ್ ಮೇಲೆ ಹೆಸರು ಬರುತ್ತದೆ, ಶಿಫ್ಟಿಗೆ ಹಾಜರಿ ಹಾಕುತ್ತಾರೆ. ಮೊತ್ತ ಚಿಕ್ಕದಾದರೂ ಪರಿಣಾಮ ಇದೇ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ ಅಲ್ಲಿನ ಕಂಪನಿಗಳು ಮತ್ತು ಬರ್ಕ್ಲಿಯ ಲಾರೆನ್ಸ್ ಹಾಲ್ ಆಫ್ ಸೈನ್ಸ್ ಸೇರಿ 1985ರಲ್ಲಿ ಶಿಕ್ಷಕರಿಗಾಗಿ ಒಂದು ಬೇಸಿಗೆ ಕಾರ್ಯಕ್ರಮ ಆರಂಭಿಸಿದವು. ಮುಂದೆ ಅದಕ್ಕೆ ಇಗ್ನೈಟೆಡ್ ಎಂಬ ಹೆಸರಾಯಿತು. ವಿಜ್ಞಾನ, ಗಣಿತ ಶಿಕ್ಷಕರು ಬೇಸಿಗೆ ರಜೆಯಲ್ಲಿ ವಾರಗಟ್ಟಲೆ ಕಂಪನಿಯೊಂದರಲ್ಲಿ ನಿಜವಾದ ಕೆಲಸ ಮಾಡುತ್ತಾರೆ, ಅದಕ್ಕೆ ಹಣ ಪಡೆಯುತ್ತಾರೆ. ಜೊತೆಗೆ ತಾವು ಕಲಿತದ್ದನ್ನು ತರಗತಿಗೆ ಹೇಗೆ ತರುತ್ತೇವೆ ಎಂಬುದರ ಲಿಖಿತ ಯೋಜನೆಯನ್ನೂ ಸಿದ್ಧಪಡಿಸಬೇಕು. ಹಣ, ನಿಜವಾದ ಕೆಲಸ, ತರಗತಿಗೆ ಮರಳುವ ಯೋಜನೆ, ಈ ಮೂರೂ ಒಟ್ಟಿಗಿರುವುದೇ ಆ ಕಾರ್ಯಕ್ರಮ ಇಷ್ಟು ಕಾಲ ಬಾಳಿರುವುದಕ್ಕೆ ಕಾರಣ ಎಂದು ನಾನು ತಿಳಿದಿದ್ದೇನೆ. ನೀವು ಕಂಪನಿಯ ಮುಂದಿಡುವ ಪ್ರಸ್ತಾವದಲ್ಲಿಯೂ ಈ ಮೂರೂ ಇರಲಿ.

ಆದರೆ ನೀವು ಮತ್ತು ನಿಮ್ಮ ಪತ್ನಿ ಸರ್ಕಾರಿ ನೌಕರರು. ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು, 2021ರ ಪ್ರಕಾರ ಪೂರ್ವಾನುಮತಿಯಿಲ್ಲದೆ ಖಾಸಗಿ ಉದ್ಯೋಗ ಮಾಡುವಂತಿಲ್ಲ. ರಜೆಯಲ್ಲಿದ್ದೇನೆ, ಬೇಸಿಗೆ ರಜೆಯ ಕಾಲ, ನನ್ನ ಸಮಯ ನನ್ನದು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ನಿಮ್ಮಿಬ್ಬರಿಗೂ ನಾನು ಸೂಚಿಸುವ ದಾರಿ ಇದು: ಇಲಾಖೆಯೇ ನಿಮ್ಮನ್ನು ತರಬೇತಿಗೆ ನಿಯೋಜಿಸಿ ಆದೇಶ ಹೊರಡಿಸಲಿ, ಆ ಅವಧಿಯನ್ನು ಅನ್ಯ ಕರ್ತವ್ಯ, ಅಂದರೆ ಒಓಡಿ ಎಂದು ಪರಿಗಣಿಸಲಿ. ಆಗ ನಿಮ್ಮ ಪೂರ್ಣ ವೇತನ ಮುಂದುವರಿಯುತ್ತದೆ, ನಿಯಮದಂತೆ ಪ್ರಯಾಣ ಭತ್ಯೆ ಮತ್ತು ದಿನಭತ್ಯೆಗೆ ಬೇಡಿಕೆ ಸಲ್ಲಿಸಬಹುದು. ನಿಮ್ಮ ಮಟ್ಟಿಗೆ ಇದೇ ಸಂಬಳಸಹಿತ ತರಬೇತಿ. ಕಂಪನಿ ನಿಮ್ಮ ಕೈಗೆ ಹಣ ಕೊಡುವ ಬದಲು ಊಟ, ಕಂಪನಿ ಬಸ್ಸು, ಸುರಕ್ಷತಾ ಶೂ ಮತ್ತು ಕನ್ನಡಕ, ಅಪಘಾತ ವಿಮೆ ಇಷ್ಟನ್ನು ಒದಗಿಸಲಿ. ಅದರ ಮೇಲೆಯೂ ಗೌರವಧನ ಕೊಡುತ್ತೇವೆ ಎಂದರೆ ಬೇಡ ಎನ್ನಬೇಕಾಗಿಲ್ಲ. ಎಷ್ಟು, ಯಾವುದಕ್ಕೆ ಎಂದು ಅವರಿಂದ ಪತ್ರ ಪಡೆದು, ಸ್ವೀಕರಿಸುವ ಮೊದಲು ಸಕ್ಷಮ ಪ್ರಾಧಿಕಾರದ ಲಿಖಿತ ಮಂಜೂರಾತಿ ಪಡೆಯಿರಿ, ಬಂದ ಮೇಲೆ ಆದಾಯ ತೆರಿಗೆ ವಿವರಣೆಯಲ್ಲಿ ತೋರಿಸಿ. ಬಾಯಿಮಾತಿನ ಒಪ್ಪಿಗೆಯನ್ನು ನಂಬಿ ಹಣ ಮುಟ್ಟಬೇಡಿ. ಮುಖ್ಯಸ್ಥರು ವರ್ಗವಾದ ಮರುದಿನ ಆ ಒಪ್ಪಿಗೆಗೆ ಸಾಕ್ಷಿ ಇರುವುದಿಲ್ಲ.

ನಿಮ್ಮ ಪತ್ನಿಯವರ ವಿಷಯದಲ್ಲಿ ಇನ್ನೊಂದು ಅಂಶವಿದೆ. ಶಾಲಾ ಶಿಕ್ಷಕರು ದೀರ್ಘ ರಜೆಯ ಸೌಲಭ್ಯವಿರುವ ಇಲಾಖೆಯವರು. ಇಲಾಖೆಯ ಆದೇಶದ ಮೇಲೆ ಬೇಸಿಗೆ ರಜೆಯಲ್ಲಿ ಕರ್ತವ್ಯ ನಿರ್ವಹಿಸಿದವರಿಗೆ, ಬಳಸದೆ ಉಳಿದ ರಜೆಯ ಪ್ರಮಾಣಕ್ಕೆ ಅನುಗುಣವಾಗಿ ಗಳಿಕೆ ರಜೆ ಜಮೆಯಾಗಲು ಸೇವಾ ನಿಯಮಗಳಲ್ಲಿ ಅವಕಾಶವಿದೆ. ಜನಗಣತಿ, ಚುನಾವಣೆಯ ಕೆಲಸಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿಯೇ. ತರಬೇತಿಯ ಆದೇಶದಲ್ಲಿಯೂ ರಜಾ ಅವಧಿಯಲ್ಲಿ ಕರ್ತವ್ಯಕ್ಕೆ ನಿಯೋಜಿಸಲಾಗಿದೆ ಎಂಬ ಮಾತು ಸ್ಪಷ್ಟವಾಗಿ ಬರುವಂತೆ ನೋಡಿಕೊಳ್ಳಲಿ. ಅದಿಲ್ಲದಿದ್ದರೆ ಆಮೇಲೆ ಕೇಳಿ ಪ್ರಯೋಜನವಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರು ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಬೆಳವಣಿಗೆಯ ಚಟುವಟಿಕೆಯಲ್ಲಿ ತೊಡಗಬೇಕೆಂದು ಹೇಳುತ್ತದೆ. ದಿನಕ್ಕೆ ಏಳು ಗಂಟೆಯಂತೆ ಎರಡು ವಾರ ಪ್ರಯೋಗಾಲಯದಲ್ಲಿ ಕಳೆದರೆ ಆ 50 ಗಂಟೆ ಮೀರುತ್ತದೆ. ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆಯುವ ಮನವಿಯಲ್ಲಿ ಈ ಲೆಕ್ಕವನ್ನು ಮೊದಲ ಪ್ಯಾರಾದಲ್ಲೇ ಇಡುವುದು ಒಳ್ಳೆಯದು.

ಅತಿಥಿ ಬೋಧಕರ ಪರಿಸ್ಥಿತಿ ಬೇರೆ, ಮತ್ತು ಈ ಇಡೀ ಚರ್ಚೆಯಲ್ಲಿ ನನಗೆ ಹೆಚ್ಚು ಕಾಳಜಿ ಇರುವುದು ಅವರ ಬಗ್ಗೆಯೇ. ಪಾಠವಿಲ್ಲದ ತಿಂಗಳುಗಳಲ್ಲಿ ಅವರಿಗೆ ಸಾಮಾನ್ಯವಾಗಿ ಗೌರವಧನ ಇರುವುದಿಲ್ಲ. ಹೀಗಾಗಿ ಭತ್ಯೆಯಿಲ್ಲದ ತರಬೇತಿಗೆ ಬನ್ನಿ ಎಂದು ಅವರನ್ನು ಕರೆಯುವುದೆಂದರೆ ಮನೆ ಬಾಡಿಗೆಯನ್ನು ಸಾಲ ಮಾಡಿ ಕಟ್ಟಿ ಬನ್ನಿ ಎಂದ ಹಾಗೆ. ಇವರಿಗೆ ಕಂಪನಿಯೇ ನೇರವಾಗಿ ಹಣ ಕೊಡಬೇಕು, ಕೊಡಬಹುದು ಕೂಡ. ಅವರ ಗುತ್ತಿಗೆಯ ಷರತ್ತುಗಳಲ್ಲಿ ಅಡ್ಡಿ ಇದೆಯೇ ಎಂದು ಪ್ರಾಚಾರ್ಯರಲ್ಲಿ ಕೇಳಿ ಖಚಿತಪಡಿಸಿಕೊಂಡು, ಎರಡು ತಿಂಗಳ ನಿಗದಿತ ಅವಧಿಯ ಕೆಲಸಕ್ಕೆ ಸೇರಲಿ. ತಿಂಗಳಿಗೆ 21,000 ರೂಪಾಯಿವರೆಗಿನ ವೇತನಕ್ಕೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ ಅನ್ವಯಿಸುತ್ತದೆ, ಆದ್ದರಿಂದ ನೌಕರರೆಂದೇ ದಾಖಲಾದರೆ ಕೆಲಸದಲ್ಲಿ ಗಾಯವಾದಾಗ ಚಿಕಿತ್ಸೆಯ ಭರವಸೆಯೂ ಇರುತ್ತದೆ. ಕೇಳಬೇಕಾದ ಮೊತ್ತ ಎಷ್ಟು ಎಂದರೆ, ಸಂಸ್ಥೆಯಲ್ಲಿ ಪಾಠವಿದ್ದಾಗ ಅವರಿಗೆ ಬರುತ್ತಿದ್ದ ತಿಂಗಳ ಗೌರವಧನಕ್ಕಿಂತ ಕಡಿಮೆ ಆಗಬಾರದು. ನಿಮ್ಮ ಪರವಾಗಿ ನೀವು ಪತ್ರ ಬರೆಯುವಾಗ ಅವರ ಹೆಸರನ್ನೂ ಸೇರಿಸಿ, ದಯವಿಟ್ಟು.

ಕಂಪನಿ ತಾನೇ ಯಾಕೆ ಕೊಡುತ್ತದೆ ಎಂದು ನೀವು ಕೇಳಬಹುದು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಡಿ ನಿಗದಿತ ಪ್ರಮಾಣದ ಲಾಭ, ವಹಿವಾಟು ಅಥವಾ ನಿವ್ವಳ ಸಂಪತ್ತಿರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು, ಮತ್ತು ಆ ಕಾಯ್ದೆಯ 7ನೇ ಅನುಸೂಚಿಯಲ್ಲಿ ಶಿಕ್ಷಣ ಹಾಗೂ ವೃತ್ತಿ ಕೌಶಲ ಎರಡೂ ಸೇರಿವೆ. ಶಾಲೆಗೆ ಬೆಂಚು, ಕಂಪ್ಯೂಟರು ಕೊಡುವ ಕಂಪನಿಗಳಿಗೆ ಬೋಧಕರ ಭತ್ಯೆ ಮತ್ತು ವಿಮೆಗೂ ಆ ಹಣವನ್ನು ಬಳಸುವ ದಾರಿಯಿದೆ ಎಂಬುದು ಹೊಳೆದೇ ಇರುವುದಿಲ್ಲ. ಇದನ್ನು ಅವರ ಗಮನಕ್ಕೆ ತರುವ ಸೂಕ್ತ ವ್ಯಕ್ತಿ ನಿಮ್ಮ ಐಟಿಐಯ ಸಂಸ್ಥಾ ನಿರ್ವಹಣಾ ಸಮಿತಿಯ, ಅಂದರೆ ಐಎಂಸಿಯ ಅಧ್ಯಕ್ಷರು. 2007-08ರಲ್ಲಿ ಆರಂಭವಾದ ಸಾರ್ವಜನಿಕ-ಖಾಸಗಿ ಸಹಭಾಗಿತ್ವದ ಯೋಜನೆಯಲ್ಲಿ ದೇಶದ 1,396 ಸರ್ಕಾರಿ ಐಟಿಐಗಳಿಗೆ ತಲಾ 2.5 ಕೋಟಿ ರೂಪಾಯಿವರೆಗೆ ಬಡ್ಡಿರಹಿತ ಸಾಲ ಸಿಕ್ಕಿದ್ದು ಈ ಸಮಿತಿಗಳ ಮೂಲಕವೇ, ಮತ್ತು ಅದರ ಅಧ್ಯಕ್ಷರು ಉದ್ದಿಮೆಯ ಪ್ರತಿನಿಧಿ. ನಿಮ್ಮ ಸಂಸ್ಥೆ ಆ ಪಟ್ಟಿಯಲ್ಲಿದ್ದರೆ ಬಾಗಿಲು ನಿಮ್ಮ ಅಂಗಳದಲ್ಲೇ ಇದೆ.

ಐಟಿಐ ಬೋಧಕರಾದ ನಿಮಗೆ ಸಹಜವಾದ ದಾರಿ ದ್ವಂದ್ವ ತರಬೇತಿ ವ್ಯವಸ್ಥೆ, ನಾವೆಲ್ಲ ಡಿಎಸ್‌ಟಿ ಎಂದು ಕರೆಯುವುದು. 2016ರಿಂದ ನಡೆಯುತ್ತಿರುವ ಈ ವ್ಯವಸ್ಥೆಯಲ್ಲಿ ಐಟಿಐ ಮತ್ತು ಉದ್ದಿಮೆ ಒಡಂಬಡಿಕೆ ಮಾಡಿಕೊಂಡು ವಿದ್ಯಾರ್ಥಿಯ ತರಬೇತಿಯ ಒಂದು ಭಾಗವನ್ನು ಕಾರ್ಖಾನೆಯಲ್ಲೇ ನಡೆಸುತ್ತವೆ. ಒಡಂಬಡಿಕೆ ಬರೆಯುವಾಗ, ವಿದ್ಯಾರ್ಥಿಗಳ ಜೊತೆಯಲ್ಲಿ ವರ್ಷಕ್ಕೆ ಒಬ್ಬ ಬೋಧಕರು ಮೂರೋ ನಾಲ್ಕೋ ವಾರ ಅಲ್ಲೇ ಶಿಫ್ಟಿನಲ್ಲಿ ಕೆಲಸ ಮಾಡುತ್ತಾರೆ ಎಂಬ ಒಂದು ಸಾಲನ್ನು ಸೇರಿಸಲು ಪ್ರಾಚಾರ್ಯರನ್ನು ಕೇಳಿಕೊಳ್ಳಿ. ಆ ಒಂದು ಸಾಲು ಇದ್ದರೆ ನಿಮ್ಮ ನಿಯೋಜನೆ ವೈಯಕ್ತಿಕ ಕೋರಿಕೆಯಾಗಿ ಉಳಿಯದೆ ಸಂಸ್ಥೆಯ ಕಾರ್ಯಕ್ರಮವಾಗುತ್ತದೆ.

ಖಾಸಗಿ ಕಂಪನಿಯ ಅನುಮತಿಯ ಕಟ್ಟುಕಟ್ಟಳೆ ಬೇಡವೆನಿಸಿದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಜಿಟಿಟಿಸಿ ಇದೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಸಂಸ್ಥೆಯ ಕೇಂದ್ರಗಳು ಈಗ ರಾಜ್ಯದ ಅನೇಕ ಜಿಲ್ಲೆಗಳಲ್ಲಿವೆ. ಇದರ ವಿಶೇಷವೆಂದರೆ ಇಲ್ಲಿ ತರಬೇತಿಯ ಜೊತೆಗೆ ಉದ್ದಿಮೆಗಳಿಂದ ಬಂದ ಆರ್ಡರುಗಳ ಮೇಲೆ ಅಚ್ಚು, ಡೈ ಮುಂತಾದವನ್ನು ತಯಾರಿಸುವ ಕೆಲಸವೂ ನಡೆಯುತ್ತದೆ, ಅಂದರೆ ತಡವಾದರೆ ಗಿರಾಕಿ ಫೋನ್ ಮಾಡುವ ನಿಜವಾದ ಉತ್ಪಾದನೆ. ನಿಮ್ಮ ಇಲಾಖೆಯಿಂದ ಇಲ್ಲಿಗೆ ನಿಯೋಜಿಸುವುದು ಒಂದು ಸರ್ಕಾರಿ ಸಂಸ್ಥೆಯಿಂದ ಇನ್ನೊಂದಕ್ಕೆ ಕಳುಹಿಸಿದಂತೆ, ಆಕ್ಷೇಪಣೆಗೆ ಅವಕಾಶ ಕಡಿಮೆ. ಬೆಂಗಳೂರಿನ ತುಮಕೂರು ರಸ್ತೆಯ ರಾಷ್ಟ್ರೀಯ ಕೌಶಲ್ಯ ತರಬೇತಿ ಸಂಸ್ಥೆಯ ಬಗ್ಗೆ ನಿಮಗೆ ಗೊತ್ತೇ ಇರುತ್ತದೆ; 1971ರಲ್ಲಿ ಜರ್ಮನಿಯ ನೆರವಿನಿಂದ ಫೋರ್‌ಮನ್ ತರಬೇತಿ ಸಂಸ್ಥೆಯೆಂದು ಶುರುವಾದದ್ದು ಅದೇ. ಅಲ್ಲಿನ ಅಲ್ಪಾವಧಿ ಕೋರ್ಸುಗಳು ಯಂತ್ರದ ಪರಿಚಯಕ್ಕೆ ಚೆನ್ನಾಗಿವೆ, ಆದರೆ ಅವು ಶಾಪ್ ಫ್ಲೋರಿನ ಬದಲಿಯಾಗಲಾರವು. ಮೊದಲು ಅಲ್ಲಿ ಒಂದು ಕೋರ್ಸ್ ಮುಗಿಸಿ ಆಮೇಲೆ ಕಾರ್ಖಾನೆಗೆ ಹೋದರೆ ಮೊದಲ ವಾರ ವ್ಯರ್ಥವಾಗುವುದಿಲ್ಲ.

ಮುಂದಿನ ದಿನಗಳಲ್ಲಿ ಇದಕ್ಕೆ ಅನುಕೂಲವೂ ಹೆಚ್ಚಬಹುದು. 2025ರ ಮೇ ತಿಂಗಳಲ್ಲಿ ಕೇಂದ್ರ ಸಚಿವ ಸಂಪುಟ 60,000 ಕೋಟಿ ರೂಪಾಯಿ ವೆಚ್ಚದಲ್ಲಿ 1,000 ಸರ್ಕಾರಿ ಐಟಿಐಗಳನ್ನು ಉದ್ದಿಮೆಗಳ ಸಹಭಾಗಿತ್ವದಲ್ಲಿ ಮೇಲ್ದರ್ಜೆಗೇರಿಸುವ ಯೋಜನೆಗೆ ಒಪ್ಪಿಗೆ ನೀಡಿತು. ಅದರಲ್ಲಿ 50,000 ತರಬೇತುದಾರರಿಗೆ ತರಬೇತಿ ಕೊಡುವ ಗುರಿಯೂ ಇದೆ. ಕರ್ನಾಟಕದಲ್ಲಿ ಅದಕ್ಕೂ ಮೊದಲೇ 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಹೊಸ ಯಂತ್ರಗಳು ಬಂದು, 2022ರ ಜೂನ್‌ನಲ್ಲಿ ಅವುಗಳ ಲೋಕಾರ್ಪಣೆಯಾಯಿತು. ಯಂತ್ರಕ್ಕೆ ಇಷ್ಟು ಹಣ ಸುರಿದ ಮೇಲೆ ಅದರ ಮುಂದೆ ನಿಲ್ಲುವ ಬೋಧಕರ ನಾಲ್ಕು ವಾರದ ಊಟ, ಪ್ರಯಾಣದ ಖರ್ಚಿಗೆ ಹಿಂದೆಮುಂದೆ ನೋಡುವುದು ಸರಿಯಲ್ಲ. ಇದನ್ನು ಇಲಾಖೆಯ ಸಭೆಗಳಲ್ಲಿ ನೀವೂ ಹೇಳಬೇಕು.

ಈಗ ಕೆಲಸದ ಮಾತಿಗೆ ಬರೋಣ, ಏಕೆಂದರೆ ಭತ್ಯೆ, ಆದೇಶ ಎಲ್ಲ ಸರಿಯಾಗಿದ್ದೂ ಕೆಲಸ ಸರಿಯಾಗಿಲ್ಲದಿದ್ದರೆ ಹೋಗಿ ಬಂದದ್ದು ದಂಡ. ಕಂಪನಿಯ ಎಲ್ಲ ವಿಭಾಗಗಳನ್ನೂ ನೋಡಿಸಿ ಎಂದು ಕೇಳಬೇಡಿ. ಒಂದು ಯಂತ್ರ, ಒಂದು ಪಾರ್ಟು, ಆರಂಭದಿಂದ ತಪಾಸಣೆಯವರೆಗೆ ನನಗೆ ಕೊಡಿ ಎಂದು ಕೇಳಿ.

ಇದು ಯಾಕೆ ಮುಖ್ಯ ಎಂಬುದನ್ನು ನಿಮ್ಮ ವೃತ್ತಿಯಿಂದಲೇ ತೋರಿಸುತ್ತೇನೆ. ತರಗತಿಯಲ್ಲಿ ಸಿಎನ್‌ಸಿ ಎಂದರೆ ಬಹುಪಾಲು ಯಂತ್ರಕ್ಕೆ ಆದೇಶ ಕೊಡುವ ಜಿ-ಕೋಡ್, ಎಂ-ಕೋಡ್ ಬರೆಯಿಸುವುದು. ಉತ್ಪಾದನೆ ನಡೆಯುವಲ್ಲಿ ಪ್ರೋಗ್ರಾಂ ಆಗಲೇ ಸಿದ್ಧವಿರುತ್ತದೆ. ಆಪರೇಟರ್‌ನ ದಿನದ ಕೆಲಸವೆಲ್ಲ ಆಫ್‌ಸೆಟ್, ಅಂದರೆ ಟೂಲಿನ ಸ್ಥಾನಕ್ಕೆ ಕೊಡುವ ಸಣ್ಣ ತಿದ್ದುಪಡಿಯ ಸುತ್ತ ತಿರುಗುತ್ತದೆ. ನಕ್ಷೆಯಲ್ಲಿ ಶಾಫ್ಟಿನ ವ್ಯಾಸ 25.00 ಮಿ.ಮೀ., ಅದಕ್ಕಿಂತ ಹೆಚ್ಚಾಗುವಂತಿಲ್ಲ, 0.02 ಮಿ.ಮೀ.ವರೆಗೆ ಕಡಿಮೆಯಾಗಬಹುದು ಎಂದಿದೆ ಎನ್ನೋಣ. ಮೊದಲ ಪೀಸು ಮೈಕ್ರೋಮೀಟರಿನಲ್ಲಿ 25.03 ತೋರಿಸಿತು. ಅದನ್ನು ಮಿತಿಗಳ ನಡುವಿನ 24.99ಕ್ಕೆ ತರಬೇಕಾದರೆ ಆ ಟೂಲಿನ ವೇರ್ ಆಫ್‌ಸೆಟ್ ಪುಟದಲ್ಲಿ ಎಕ್ಸ್ ಎದುರು ಮೈನಸ್ 0.04 ಹಾಕಬೇಕು. ಹೊಸಬರು ತ್ರಿಜ್ಯದ ಲೆಕ್ಕ ಹಾಕಿ ಮೈನಸ್ 0.02 ಹಾಕುತ್ತಾರೆ, ಸಿಎನ್‌ಸಿ ಲೇತಿನ ಕಂಟ್ರೋಲರ್ ಸಾಮಾನ್ಯವಾಗಿ ಎಕ್ಸ್ ಅನ್ನು ವ್ಯಾಸವೆಂದೇ ಓದುವುದರಿಂದ ಎರಡನೆಯ ಪೀಸು 25.01ಕ್ಕೆ ಬಂದು ಅದೂ ಮಿತಿ ಮೀರುತ್ತದೆ. ಇನ್ನು ಇನ್ಸರ್ಟ್, ಅಂದರೆ ಟೂಲಿನ ತುದಿಯ ಕತ್ತರಿಸುವ ತುಣುಕು ಸವೆಯುತ್ತಾ ಹೋದಂತೆ ಹೊರವ್ಯಾಸ ನಿಧಾನವಾಗಿ ಹೆಚ್ಚುತ್ತದೆ, ಬೆಳಿಗ್ಗೆ ತಣ್ಣಗಿದ್ದ ಯಂತ್ರ ಬಿಸಿಯೇರಿದಾಗ ಅಳತೆ ಕೊಂಚ ಸರಿಯುತ್ತದೆ. ಎಷ್ಟು ಪೀಸಿಗೊಮ್ಮೆ ಅಳೆಯಬೇಕು, ಮಿತಿ ಮುಟ್ಟುವ ಮೊದಲೇ ಎಷ್ಟು ತಿದ್ದಬೇಕು, ಅದನ್ನು ತಪಾಸಣಾ ಹಾಳೆಯಲ್ಲಿ ಹೇಗೆ ಬರೆಯಬೇಕು, ಇದೇ ಕಂಪನಿಯವರು ನಿಮ್ಮ ವಿದ್ಯಾರ್ಥಿಯಿಂದ ಬಯಸುವ ಜಾಣತನ. ಇದು ಒಂದೇ ಪಾರ್ಟಿನ ಮೇಲೆ ದಿನಗಟ್ಟಲೆ ನಿಂತವರಿಗೆ ಮಾತ್ರ ಕೈಗೂಡುತ್ತದೆ.

ಅದೇ ಕಾರ್ಖಾನೆಯ ಅಳತೆ ಕೋಣೆಯಲ್ಲಿ ನಿಮ್ಮ ಪತ್ನಿಗೂ ಪಾಠವಿದೆ. ಆ ಕೋಣೆಯ ಉಷ್ಣತೆಯನ್ನು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ, ಉದ್ದದ ಅಳತೆಗಳಿಗೆ ಅಂತರರಾಷ್ಟ್ರೀಯವಾಗಿ ಒಪ್ಪಿದ ಉಷ್ಣತೆ ಅದು. 100 ಮಿ.ಮೀ. ಉದ್ದದ ಉಕ್ಕಿನ ತುಂಡು ಒಂದು ಡಿಗ್ರಿ ಏರಿದರೆ ಒಂದು ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ 0.001 ಮಿ.ಮೀ.) ಸ್ವಲ್ಪ ಹೆಚ್ಚು ಬೆಳೆಯುತ್ತದೆ. ಏಪ್ರಿಲ್ ತಿಂಗಳಲ್ಲಿ 30 ಡಿಗ್ರಿಯ ಶಾಪಿನಲ್ಲಿ ಅಳೆದರೆ ಹನ್ನೊಂದು ಹನ್ನೆರಡು ಮೈಕ್ರಾನಿನ ವ್ಯತ್ಯಾಸ. ಮೇಲೆ ಹೇಳಿದಂಥ 0.02 ಮಿ.ಮೀ. ಅವಕಾಶವಿರುವ ಅಳತೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬಿಸಿಲೇ ತಿಂದುಹಾಕಿತು. ಘನವಸ್ತುಗಳ ಉಷ್ಣ ಹಿಗ್ಗುವಿಕೆಗೆ ರೈಲು ಹಳಿಯ ಸಂದಿನ ಉದಾಹರಣೆಯನ್ನೇ ಕೊಡುತ್ತಾ ಬಂದ ನಮಗೆ, ಸಂಖ್ಯೆಯ ಸಮೇತ ಇನ್ನೊಂದು ಉದಾಹರಣೆ ಸಿಕ್ಕಂತಾಯಿತು.

ಆದರೂ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿಗೆ ನಾನು ಮೊದಲು ಸೂಚಿಸುವುದು ಹಾಲು ಒಕ್ಕೂಟದ ಗುಣಮಟ್ಟ ಪ್ರಯೋಗಾಲಯವನ್ನು. ಹಳ್ಳಿಯ ಮಕ್ಕಳಲ್ಲಿ ಎಷ್ಟೋ ಮಂದಿ ಬೆಳಿಗ್ಗೆ ಡೇರಿಗೆ ಹಾಲು ಹಾಕಿಯೇ ಶಾಲೆಗೆ ಬರುತ್ತಾರೆ. ತಮ್ಮ ಮನೆಯ ಹಾಲಿಗೆ ಬೆಲೆ ಕಟ್ಟುವ ರಸಾಯನಶಾಸ್ತ್ರ ಅವರಿಗೆ ಪರಕೀಯವಾಗುವುದಿಲ್ಲ. ಅಲ್ಲಿ ಗರ್ಬರ್ ವಿಧಾನದಲ್ಲಿ ಕೊಬ್ಬು ಅಳೆಯುವುದನ್ನು ಕೈಯಾರೆ ಮಾಡಬಹುದು. 10 ಮಿ.ಲೀ. ಗಂಧಕಾಮ್ಲದ ಮೇಲೆ 10.75 ಮಿ.ಲೀ. ಹಾಲು, ಅದರ ಮೇಲೆ 1 ಮಿ.ಲೀ. ಅಮೈಲ್ ಆಲ್ಕೊಹಾಲ್ ಹಾಕಿ, ಮುಚ್ಚಳ ಬಿಗಿದು ಕಲಕಿದಾಗ ಆಮ್ಲ ಪ್ರೋಟೀನನ್ನು ಕರಗಿಸುತ್ತದೆ, ಕೊಳವೆ ಕೈ ಸುಡುವಷ್ಟು ಬಿಸಿಯಾಗುತ್ತದೆ; ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ 65 ಡಿಗ್ರಿ ನೀರಿನಲ್ಲಿಟ್ಟು ತೆಗೆದರೆ ಕೊಬ್ಬು ಮೇಲೆ ಸ್ವಚ್ಛ ಹಳದಿ ಪದರವಾಗಿ ನಿಂತಿರುತ್ತದೆ, ಅಳತೆಯ ಗೆರೆಗಳಲ್ಲಿ ನೇರವಾಗಿ ಶೇಕಡಾವಾರು ಓದಬಹುದು. ಉಷ್ಣ ಬಿಡುಗಡೆಯ ಕ್ರಿಯೆ, ಸಾಂದ್ರತೆ, ಕೇಂದ್ರಾಪಗಾಮಿ ಪರಿಣಾಮ ಎಲ್ಲ ಒಂದೇ ಕೊಳವೆಯಲ್ಲಿ. ಮೆಥಿಲೀನ್ ನೀಲಿಯ ಪರೀಕ್ಷೆ ಇನ್ನೂ ಸೊಗಸಾದದ್ದು: ಬಣ್ಣ ಬೆರೆಸಿದ ಹಾಲನ್ನು 37 ಡಿಗ್ರಿಯಲ್ಲಿಟ್ಟರೆ ಬ್ಯಾಕ್ಟೀರಿಯಾ ಆಮ್ಲಜನಕವನ್ನು ಬಳಸಿ ಮುಗಿಸಿದಂತೆ ನೀಲಿ ಮಾಯವಾಗುತ್ತದೆ. ಅರ್ಧ ಗಂಟೆಯೊಳಗೆ ಬಿಳಿಯಾದರೆ ಆ ಹಾಲು ತೀರಾ ಕಳಪೆ, ಐದು ಗಂಟೆ ದಾಟಿದರೂ ನೀಲಿ ಉಳಿದರೆ ಬಹಳ ಒಳ್ಳೆಯದು. ಹತ್ತನೆಯ ತರಗತಿಯ ಉತ್ಕರ್ಷಣ-ಅಪಕರ್ಷಣಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ, ಮತ್ತು ಗಂಧಕಾಮ್ಲದ ಪರೀಕ್ಷೆಗಿಂತ ಸುರಕ್ಷಿತವಾಗಿ ಶಾಲೆಯಲ್ಲೇ ಮಾಡಿ ತೋರಿಸಬಹುದು. ಶಿಕ್ಷಕರಿಗಾಗಿ ಒಕ್ಕೂಟದಲ್ಲಿ ಪ್ರತ್ಯೇಕ ಯೋಜನೆ ಇರಬೇಕೆಂದೇನಿಲ್ಲ. ಇಲಾಖೆಯ ನಿಯೋಜನೆಯಿಂದ ವೇತನ ಮುಂದುವರಿಯುವುದಾದರೆ ಒಕ್ಕೂಟದಿಂದ ಬೇಕಾದದ್ದು ಒಪ್ಪಿಗೆ, ಒಂದು ಏಪ್ರನ್, ಊಟ, ವಿಮೆ.

ಅವರು ಮೊದಲು ಪ್ರಯೋಗಗಳಲ್ಲಿ ಕೈ ಪಳಗಿಸಿಕೊಳ್ಳಲು ಬಯಸಿದರೆ ಚಳ್ಳಕೆರೆಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುವ ಪ್ರತಿಭಾ ವಿಕಾಸ ಕೇಂದ್ರವಿದೆ. ಅಲ್ಲಿ ವಿಜ್ಞಾನ, ಗಣಿತ ಶಿಕ್ಷಕರಿಗೆ ಉಳಿದುಕೊಂಡು ಕಲಿಯುವ ವ್ಯವಸ್ಥೆಯಿದೆ, ಪ್ರಯೋಗಾಲಯದ ಕೆಲಸಕ್ಕೆ ಒತ್ತು ಹೆಚ್ಚು. ಇನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಉಳಿದೆರಡು ವಿಜ್ಞಾನ ಅಕಾಡೆಮಿಗಳ ಜೊತೆ ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ನಲ್ಲಿ ವಿದ್ಯಾರ್ಥಿಗಳ ಜೊತೆಗೆ ಕಾಲೇಜು ಅಧ್ಯಾಪಕರಿಗೂ ಸ್ಥಾನವಿದೆ, ಎರಡು ತಿಂಗಳು ವಿಜ್ಞಾನಿಯೊಬ್ಬರ ಬಳಿ ಭತ್ಯೆಸಹಿತ ಕೆಲಸ. ಪದವಿ ಕಾಲೇಜಿನಲ್ಲಿರುವ ನಿಮ್ಮ ಸ್ನೇಹಿತರಿಗೆ ಇದನ್ನು ತಿಳಿಸಿ.

ಕಾಲದ ಬಗ್ಗೆಯೂ ಯೋಚಿಸಿ. ನಮ್ಮ ಬೇಸಿಗೆ ರಜೆ ಏಪ್ರಿಲ್-ಮೇ. ಆ ಹೊತ್ತಿಗೆ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ಅರೆಯುವುದು ಬಹುಮಟ್ಟಿಗೆ ಮುಗಿದಿರುತ್ತದೆ, ಹಾಗಾಗಿ ಸಕ್ಕರೆಯ ರಸಾಯನಶಾಸ್ತ್ರ ನೋಡಲು ಹೋದ ಶಿಕ್ಷಕರಿಗೆ ನಿರಾಸೆಯಾಗುತ್ತದೆ. ಆದರೆ ಫಿಟ್ಟರ್, ವೆಲ್ಡರ್ ಬೋಧಕರಿಗೆ ಅದೇ ಸುಗ್ಗಿ: ರೋಲರು, ಗೇರ್‌ಬಾಕ್ಸು, ಟರ್ಬೈನು ಎಲ್ಲವನ್ನೂ ಬಿಚ್ಚಿ ದುರಸ್ತಿ ಮಾಡುವ ಕಾಲ ಅದು, ಕೈಗಳು ಸಾಲದೆ ಕಾರ್ಖಾನೆಯವರೇ ಜನರನ್ನು ಹುಡುಕುತ್ತಿರುತ್ತಾರೆ, ಹಣ ಕೊಡಲೂ ತಯಾರಿರುತ್ತಾರೆ. ಪೀಣ್ಯ, ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ಗೋಕುಲ ರಸ್ತೆ ಮುಂತಾದೆಡೆಯ ಸಣ್ಣ ಕೈಗಾರಿಕೆಗಳಲ್ಲಿ ಮಾರ್ಚ್ ತಿಂಗಳು ವರ್ಷಾಂತ್ಯದ ಗಡಿಬಿಡಿ, ಆಗ ಹೋಗಬೇಡಿ. ಸಣ್ಣ ಶಾಪುಗಳನ್ನು ಕಡೆಗಣಿಸಲೂ ಬೇಡಿ. ದೊಡ್ಡ ಕಂಪನಿಯಲ್ಲಿ ಗೇಟ್ ಪಾಸಿಗೇ ಮೂರು ದಿನ ಹೋಗುತ್ತದೆ, ಯಂತ್ರ ಮುಟ್ಟಲು ಬಿಡುವುದಿಲ್ಲ. ಹತ್ತು ಯಂತ್ರಗಳ ಶಾಪಿನ ಮಾಲೀಕರು ಸ್ವತಃ ಬಂದು ಆಫ್‌ಸೆಟ್ ತಿದ್ದಿ ತೋರಿಸುತ್ತಾರೆ. ಅಲ್ಲಿ ಭತ್ಯೆಗೆ ಹಣ ಕಡಿಮೆ ಇರಬಹುದು, ಕಲಿಕೆ ಹೆಚ್ಚು.

ಕಂಪನಿಯಿಂದ ಪಡೆಯುವ ಪತ್ರದಲ್ಲಿ ಅವಧಿ ಮತ್ತು ಶಿಫ್ಟ್, ನಿಮ್ಮ ಹೊಣೆ ಹೊರುವ ಸೂಪರ್‌ವೈಸರ್ ಯಾರು, ಯಾವ ಯಂತ್ರ ಅಥವಾ ಪರೀಕ್ಷೆ ನಿಮ್ಮದು, ಭತ್ಯೆ ಅಥವಾ ಸೌಲಭ್ಯ ಏನು, ಅಪಘಾತ ವಿಮೆ ಯಾರದು ಎಂಬ ಐದು ವಿಷಯಗಳು ಇರಲೇಬೇಕು. ವಿಮೆಯ ಬಗ್ಗೆ ಒತ್ತಿ ಹೇಳುತ್ತೇನೆ: ನೀವು ಕಂಪನಿಯ ನೌಕರರಾಗಿ ದಾಖಲಾಗದಿದ್ದರೆ ಅವರ ಇಎಸ್‌ಐ ನಿಮಗೆ ಅನ್ವಯಿಸುವುದಿಲ್ಲ, ಆದ್ದರಿಂದ ಆ ಅವಧಿಗೆ ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸುವವರೆಗೆ ಯಂತ್ರದ ಮುಂದೆ ನಿಲ್ಲಬೇಡಿ. ಗೋಪ್ಯತೆಯ ಒಪ್ಪಂದಕ್ಕೆ ಸಹಿ ಕೇಳುತ್ತಾರೆ, ಅದು ನ್ಯಾಯವೇ. ಸಹಿ ಹಾಕುವ ಮೊದಲು, ಗಿರಾಕಿಯ ಹೆಸರು ಮತ್ತು ನಕ್ಷೆ ಬಿಟ್ಟು ಅಳತೆಯ ಕ್ರಮ, ತಪಾಸಣಾ ಹಾಳೆಯ ಮಾದರಿ, ತಿರಸ್ಕೃತವಾದ ಕೆಲವು ಪೀಸುಗಳನ್ನು ಪಾಠಕ್ಕೆ ಬಳಸಬಹುದು ಎಂಬ ಮಾತನ್ನು ಅದರಲ್ಲಿ ಸೇರಿಸಿಕೊಳ್ಳಿ. ತಿರಸ್ಕೃತ ಪೀಸುಗಳು ನಿಮ್ಮ ತರಗತಿಗೆ ಬೇಕೇ ಬೇಕು. ಎಲ್ಲಿ ತಪ್ಪಿತು ಎಂದು ವಿದ್ಯಾರ್ಥಿಗಳೇ ಅಳೆದು ಕಂಡುಹಿಡಿಯಲಿ.

ಏಪ್ರಿಲ್‌ನಲ್ಲಿ ಹೋಗಬೇಕಾದರೆ ಕಂಪನಿಯ ಪತ್ರವನ್ನು ಡಿಸೆಂಬರ್ ಒಳಗೆ ಪಡೆದು, ಪ್ರಾಚಾರ್ಯರ ಶಿಫಾರಸಿನೊಂದಿಗೆ ಜನವರಿಯಲ್ಲಿ ಆಯುಕ್ತರ ಕಚೇರಿಗೆ ಕಳುಹಿಸಿ. ನಿಮ್ಮ ಪತ್ನಿಯವರು ಮುಖ್ಯಶಿಕ್ಷಕರ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಅಲ್ಲಿಂದ ಉಪನಿರ್ದೇಶಕರಿಗೆ. ಎಸ್ಎಸ್ಎಲ್‌ಸಿ ಪರೀಕ್ಷೆ ಮತ್ತು ಮೌಲ್ಯಮಾಪನದ ದಿನಾಂಕಗಳನ್ನು ಬಿಟ್ಟು ಅವಧಿಯನ್ನು ಆರಿಸಿಕೊಂಡರೆ ಆ ಅರ್ಜಿಯನ್ನು ತಳ್ಳಿಹಾಕಲು ಕಾರಣ ಸಿಗುವುದಿಲ್ಲ. ಮುಗಿದ ಮೇಲೆ ಕಂಪನಿಯ ಪ್ರಮಾಣಪತ್ರವನ್ನು ಸೇವಾ ವಹಿಯಲ್ಲಿ ನಮೂದಿಸಲು ಅದೇ ವಾರ ಮನವಿ ಕೊಡಿ.